ಮೇಸ್ತ್ರಿಗಳ ಷೇರು

ಮೇಸ್ತ್ರಿಗಳ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಉಪ್ಪುಕಾಗದ ಹಿಡಿದು ಮರ ಉಜ್ಜಿ ಉಜ್ಜಿ, ಬೆರಳಿನ ತುದಿ ಹುಣಿಸೆ ಬೀಜದ ಹಾಗೆ ನುಣ್ಣಗಾಗಿಬಿಟ್ಟಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್ನು ಅವರನ್ನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಒರೆಸಿ ಇಡಿ, ಒತ್ತಿ ಇಡಿ, ಎಡಗೈಯದು ಇಡಿ ಎಂದು ಅಂಗಡಿಯವನು ರೇಗಿಕೊಂಡರೆ ಇವರು ನಗುತ್ತಾ, "ನಾನು ಬದುಕಿದೀನಿ ಅಂತ ಆ ಡಬ್ಬಿಗೆ ನಂಬಿಕೆ ಬರ್ತಾ ಇಲ್ಲ, ನೀವಾದ್ರೂ ನಂಬಿ" ಎನ್ನುತ್ತಿದ್ದರಂತೆ. ಕೊನೆಗೆ ಅವರ ಹೆಂಡತಿ ಬಂದು ಬೆರಳಿಟ್ಟ ಮೇಲೆಯೇ ಮನೆಗೆ ಅಕ್ಕಿ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರದೊಂದು ಬಾಡಿಗೆ ಶೆಡ್ಡಿತ್ತು. ಒಳಗೆ ಮರ ಕಡೆಯುವ ಒಂದು ಲೇತು, ಒಂದು ಉದ್ದನೆಯ ಬೆಂಚು, ಗೋಡೆಯ ತುಂಬ ಮೊಳೆಗಳಿಗೆ ತೂಗುಹಾಕಿದ ನೂರಾರು ಕೆಂಪು ಬಣ್ಣದ ಮರದ ಆಕಾರಗಳು. ಚಕ್ರ, ಹಲ್ಲುಚಕ್ರ, ಪಂಪಿನ ಹೊಟ್ಟೆ, ಯಾವುದೋ ಯಂತ್ರದ ಕಾಲು. ಫೌಂಡ್ರಿಯವರು ಕಬ್ಬಿಣ ಎರಕ ಹೊಯ್ಯುವ ಮೊದಲು ಆ ಭಾಗವನ್ನು ಯಾರಾದರೂ ಮರದಲ್ಲಿ ಕೆತ್ತಿಕೊಡಬೇಕಲ್ಲ, ಆ ಕೆಲಸ ಇವರದು. ಪ್ಯಾಟರ್ನ್ ಎನ್ನುತ್ತಾರೆ ಅದಕ್ಕೆ. ಮರದ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಪೊಳ್ಳಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಸುತ್ತಲಿನ ಫೌಂಡ್ರಿಗಳಿಗೆಲ್ಲ ಮೇಸ್ತ್ರಿಗಳೆಂದರೆ ಇವರೇ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಇಲ್ಲಿಯೂ ಕರೆಯುವುದಿಲ್ಲ.

ನಾನು ಶಿವಮೊಗ್ಗದ ಒಂದು ಕಂಪನಿಯಲ್ಲಿ ಆಫೀಸು ನೋಡಿಕೊಳ್ಳುವವಳು. ಪತ್ರ ವ್ಯವಹಾರ, ಸಂಬಳ, ಸಹಿ, ಸೀಲು ಎಲ್ಲ ನನ್ನದೇ. ನಾವು ಮಾಡುವುದು ಅಡಿಕೆ ಆರಿಸುವ ಯಂತ್ರ. ಮೇಲಿಂದ ಸುಲಿದ ಅಡಿಕೆ ಸುರಿದರೆ ಕ್ಯಾಮೆರಾ ನೋಡುತ್ತದೆ, ಗಾಳಿ ಊದಿ ಒಳ್ಳೆಯದನ್ನು ಒಂದು ಕಡೆಗೆ, ಹಾಳನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಈಗ ಇಂಡಸ್ಟ್ರಿಯಲ್ ಏರಿಯಾದಲ್ಲಿ ದೊಡ್ಡ ಕಟ್ಟಡ, ಗೇಟಿಗೆ ವಾಚ್‌ಮನ್ನು ಎಲ್ಲ ಇದೆ. ಶುರುವಾದದ್ದು ಮಾತ್ರ ವಿನೋಬನಗರದಲ್ಲಿ, ನಮ್ಮ ಎಂ.ಡಿ.ಯ ಸೋದರತ್ತೆಯ ಮನೆ ಹಿಂದಿನ ಕಾರ್ ಶೆಡ್ಡಿನಲ್ಲಿ. ಎಂ.ಡಿ. ನನಗಿಂತ ಆರು ವರ್ಷ ಚಿಕ್ಕವರು. ಆಗ ಒಟ್ಟು ನಾಲ್ಕು ಜನ ಇದ್ದೆವು, ಕುರ್ಚಿ ಮೂರು.

ಯಂತ್ರದ ಮೊದಲ ಕಬ್ಬಿಣದ ಭಾಗಗಳಿಗೆ ಪ್ಯಾಟರ್ನ್ ಮಾಡಿಕೊಟ್ಟವರು ಮೇಸ್ತ್ರಿಗಳು. ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ನಾನು ಒಂದು ಘನಕಾರ್ಯ ಮಾಡಿದೆ. ಯಂತ್ರದ ಮುಂದಿನ ಕಿಟಕಿಗೆ ಗಾಜು ಹಾಕಿಸಬೇಕಿತ್ತು. ಫೌಂಡ್ರಿಯಿಂದ ಬಂದ ಎರಕದ ಚೌಕಟ್ಟು ಮೇಸ್ತ್ರಿಗಳ ಶೆಡ್ಡಿನಲ್ಲೇ ಇತ್ತು. ಬೆಂಚಿನ ಮೇಲಿದ್ದ ಉಕ್ಕಿನ ಸ್ಕೇಲು ಎತ್ತಿಕೊಂಡು ಪಕ್ಕದಲ್ಲಿದ್ದ ಅದರ ಮರದ ಪ್ಯಾಟರ್ನನ್ನು ಅಳೆದೆ. ಗಾಜೂ ಅದೇ ಸ್ಕೇಲಿನಲ್ಲಿ ಕತ್ತರಿಸಲಿ, ತಪ್ಪಾಗಬಾರದು ಎಂದು ಸ್ಕೇಲನ್ನೇ ಗಾಜಿನಂಗಡಿಗೆ ಒಯ್ದು ಕತ್ತರಿಸಿ ತಂದೆ. ಎಂಥ ಜಾಣೆ ನೋಡಿ! ಗಾಜು ಚೌಕಟ್ಟಿನೊಳಗೆ ಇಳಿಯಲೇ ಇಲ್ಲ.

ಮೇಸ್ತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಸುಳ್ಳು ಸ್ಕೇಲು ಮಾರಾಯ್ತಿ! ಅದರ ಒಂದಡಿ ಒಂದಡಿಗಿಂತ ಜಾಸ್ತಿ. ಕಬ್ಬಿಣ ಆರ್ತಾ ಆರ್ತಾ ಕುಗ್ಗುತ್ತೆ ನೋಡು, ಅದಕ್ಕೆ ನಾವು ಮರ ಮಾಡುವಾಗಲೇ ಅಷ್ಟು ಜಾಸ್ತಿ ಇಡಬೇಕು. ಬೇರೆ ಯಾರೂ ಇದನ್ನ ಮುಟ್ಟಬಾರದು."

"ಹಂಗಂತ ಅದರ ಮೇಲೆ ಬರೆದಿಡಬಾರದಾ ಮೇಸ್ತ್ರಿಗಳೇ?"

"ನಲವತ್ತು ವರ್ಷದಲ್ಲಿ ಅದನ್ನ ಕದ್ಕೊಂಡು ಗಾಜಿನಂಗಡಿಗೆ ಹೋದವಳು ನೀನೊಬ್ಬಳೇ."

ಆ ದಿನದಿಂದ ಅವರು ನನ್ನನ್ನು ನೀನು ಎನ್ನತೊಡಗಿದರು. ನನಗೂ ಅದು ಹಿತವಾಗಿತ್ತು. ಭದ್ರಾವತಿಯ ಬಸ್ಸು ಹತ್ತುವುದೆಂದರೆ ತವರಿಗೆ ಹೋದ ಹಾಗೆ ಅನ್ನಿಸತೊಡಗಿತು.

ಅವರ ಸ್ವಭಾವ ಹೇಳಬೇಕಾದರೆ ಚಹಾದ ಕಥೆಯನ್ನೇ ಹೇಳಬೇಕು. ಶೆಡ್ಡಿನ ಎದುರು ಒಂದು ಚಹಾದಂಗಡಿ. ತಮಿಳು ಮಾತಾಡುವ ಮುದುಕ, ಹಳೆಯ ಸ್ನೇಹಿತ. ಮೇಸ್ತ್ರಿಗಳಿಗೆಂದೇ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿ ತಾನೇ ತಂದುಕೊಡುತ್ತಿದ್ದ. ಮೇಸ್ತ್ರಿಗಳಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಆದರೂ ಒಂದು ದಿನ ಬೇಡ ಎಂದವರಲ್ಲ. ಅವನು ನಿಂತಿರುವಷ್ಟು ಹೊತ್ತು ಎರಡು ಗುಟುಕು ಕುಡಿದು, ಅವನು ಬೆನ್ನು ತಿರುಗಿಸಿದ ಮೇಲೆ ಉಳಿದದ್ದನ್ನು ಶೆಡ್ಡಿನ ಹಿಂದೆ ಚೆಲ್ಲಿ ಬರುತ್ತಿದ್ದರು. ನಾನು ನೋಡಿ ಬೈದೆ.

"ಬಾಯಿ ಬಿಟ್ಟು ಹೇಳೋಕೆ ಏನ್ ಕಷ್ಟ ನಿಮಗೆ? ಸಕ್ಕರೆ ಬೇಡ ಅಂದ್ರೆ ಆಯ್ತು."

"ಆರು ವರ್ಷ ಸುಮ್ನಿದ್ದು ಈಗ ಹೇಳಿದ್ರೆ, ಇಷ್ಟು ದಿನ ನಾನು ಮಾಡಿದ್ದು ತಪ್ಪಾಯ್ತಾ ಅಂತ ಅವನು ನೊಂದ್ಕೋತಾನೆ. ಬಿಡು ಅತ್ಲಾಗೆ."

ಇಂಥ ದಾಕ್ಷಿಣ್ಯದ ಮನುಷ್ಯ. ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ಅವರಿಂದ ನೋಡಲಿಕ್ಕೆ ಆಗುತ್ತಿರಲಿಲ್ಲ. ಕೆಲಸದಲ್ಲಿ ಮಾತ್ರ ಯಾರ ದಾಕ್ಷಿಣ್ಯವೂ ಇರಲಿಲ್ಲ. ಕೂದಲೆಳೆಯಷ್ಟು ಓರೆಯಾಗಿದ್ದರೆ ತಾವೇ ಮಾಡಿದ್ದನ್ನು ಒಲೆಗೆ ಹಾಕುತ್ತಿದ್ದರು.

ಕಂಪನಿಯ ಎರಡನೆಯ ವರ್ಷ ಅವರಿಗೆ ಕೊಡಲು ನಮ್ಮ ಹತ್ತಿರ ಹಣವಿರಲಿಲ್ಲ. ಎಂ.ಡಿ. ಸಂಕೋಚದಿಂದಲೇ ಷೇರು ಕೊಡುವ ಮಾತೆತ್ತಿದರು. ನನಗೂ ಅರ್ಧ ಸಂಬಳ ಹಾಗೆ ಷೇರಿನಲ್ಲೇ ಬರುತ್ತಿತ್ತು. ಷೇರೆಂದರೆ ಏನು ಎಂದು ಮೇಸ್ತ್ರಿಗಳಿಗೆ ಬಿಡಿಸಿ ಹೇಳಿದವಳು ನಾನು. ಕಂಪನಿ ಬೆಳೆದರೆ ನಿಮ್ಮ ಪಾಲೂ ಬೆಳೆಯುತ್ತದೆ, ಮುಳುಗಿದರೆ ಅದೂ ಮುಳುಗುತ್ತದೆ ಎಂದೆ.

"ಮರ ನಂದು, ಬೆವರು ನಂದು, ಪಾಲು ಮಾತ್ರ ಕಾಗದದಲ್ಲಿ. ಒಳ್ಳೇ ವ್ಯಾಪಾರ" ಎಂದು ನಕ್ಕು, ಆ ಗೆರೆಯಿಲ್ಲದ ಬೆರಳುಗಳಲ್ಲಿ ಪೆನ್ನು ಹಿಡಿದು ನಿಧಾನಕ್ಕೆ ಸಹಿ ಹಾಕಿದರು. ಆ ವರ್ಷದ ಆಯುಧಪೂಜೆಗೆ ಹೋದಾಗ ನೋಡುತ್ತೇನೆ, ಉಳಿ, ಗರಗಸ, ಉಜ್ಜುಗೊರಡುಗಳ ಸಾಲಿನಲ್ಲಿ ಷೇರಿನ ಕಾಗದವನ್ನೂ ಇಟ್ಟು ಕುಂಕುಮ ಹಚ್ಚಿದ್ದಾರೆ. ಅದೂ ದುಡಿಯುವ ಸಾಮಾನೇ ತಾನೆ ಎಂದರು. ಕಂಪನಿಯಿಂದ ಬರುವ ಬೇರೆ ಕಾಗದಗಳನ್ನು ಒಡೆಯದೆ ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ನಾನು ಹೋದಾಗ ಕಂತೆಯನ್ನೇ ಕೈಗೆ ಕೊಟ್ಟು, ನೀನೇ ಒಡೆದು ನೋಡಮ್ಮ, ಏನಾದ್ರೂ ಇದ್ರೆ ಹೇಳು ಎನ್ನುತ್ತಿದ್ದರು. ನನ್ನ ಮೇಲೆ ಅಷ್ಟು ನಂಬಿಕೆ.

ಇಲ್ಲಿಂದ ಮುಂದೆ ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಕಂಪನಿ ಬೆಳೆಯಿತು. ಯಂತ್ರಗಳು ಸಾಗರ, ಶಿರಸಿ, ಚನ್ನಗಿರಿ ಎಂದು ಹೋಗತೊಡಗಿದವು. ಒಂದು ಗಣೇಶನ ಹಬ್ಬ ಮುಗಿದ ವಾರ ಬೆಂಗಳೂರಿನ ಹೂಡಿಕೆಯವರು ಬಂದು, ಹಳೆಯ ಸಣ್ಣ ಪಾಲುದಾರರಲ್ಲಿ ಯಾರಿಗೆ ಬೇಕೋ ಅವರ ಷೇರು ಕೊಂಡುಕೊಳ್ಳುತ್ತೇವೆ ಎಂದರು. ಯೋಚಿಸಲು ಹದಿನೈದು ದಿನ. ನಾವು ಸಣ್ಣ ಪಾಲುದಾರರು ಆರು ಜನ. ಅವರು ಕೊಳ್ಳುವುದು ಇಷ್ಟೇ ಎಂದು ಒಂದು ಮಿತಿಯಿತ್ತು. ಮಾರುವವರು ಹೆಚ್ಚಾದರೆ ಎಲ್ಲರದರಲ್ಲೂ ಒಂದಿಷ್ಟು ಕಡಿತ. ಇದು ನನಗೆ ಗೊತ್ತಿತ್ತು. ಕಾಗದ ಟೈಪ್ ಮಾಡಿದವಳೇ ನಾನು.

ಎಂ.ಡಿ. ನನ್ನನ್ನು ಕರೆದು, "ಅಕ್ಕಾ, ಎಲ್ಲರೂ ಒಟ್ಟಿಗೆ ಮಾರೋಕೆ ಬಂದ್ರೆ ನಮ್ಮವರಿಗೇ ನಮ್ಮ ಮೇಲೆ ನಂಬಿಕೆ ಇಲ್ಲ ಅನ್ಸುತ್ತೆ. ಮುಂದಿನ ಸಲ ಬೆಲೆ ಇದರ ಎರಡು ಮೂರು ಪಟ್ಟು ಬರುತ್ತೆ. ಯಾರಾದ್ರೂ ಕೇಳಿದ್ರೆ ಹೇಳಿ" ಎಂದರು. ಅವರು ಸುಳ್ಳು ಹೇಳುವವರಲ್ಲ. ನಿಜವಾಗಿ ಹಾಗೆಯೇ ನಂಬಿದ್ದರು.

ನಾನೂ ನಂಬಿದ್ದೆ. ಆದರೂ ಹೆದರಿಕೆ. ಹದಿನಾಲ್ಕು ವರ್ಷದಿಂದ ಬಾಡಿಗೆ ಮನೆ. ವಿನೋಬನಗರದಲ್ಲಿ ಒಂದು ಸೈಟು ನೋಡಿಟ್ಟಿದ್ದೆವು, ಚಿಕ್ಕದು, ಪೂರ್ವದ ಬಾಗಿಲಿನದು. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಸ್ಕೂಟರ್ ನಿಧಾನ ಮಾಡಿ ಅದನ್ನೊಮ್ಮೆ ನೋಡಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಕಾಗದದ ಮೇಲಿರುವುದು ಯಾವತ್ತು ಹಾರಿಹೋಗುತ್ತದೋ ಯಾರಿಗೆ ಗೊತ್ತು. ಮುಕ್ಕಾಲು ಪಾಲು ಮಾರುವುದೆಂದು ತೀರ್ಮಾನಿಸಿ ಫಾರಂ ತುಂಬಿದೆ. ಅದು ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು, ಸಹಿಯೊಂದು ಬಾಕಿ. ಆ ಬ್ಯಾಗು ಹೆಗಲಿಗೇರಿಸಿಕೊಂಡೇ ಅವತ್ತು ಭದ್ರಾವತಿಗೆ ಹೋದದ್ದು.

ಮೇಸ್ತ್ರಿಗಳು ಬೆಂಚಿನ ಮೇಲೆ ಒಂದು ಹಲ್ಲುಚಕ್ರ ಉಜ್ಜುತ್ತಿದ್ದರು. ನಾನು ಕೂತು ಹೂಡಿಕೆಯವರ ವಿಷಯ ಹೇಳಿದೆ. ಚಹಾ ಬಂತು.

"ಮಾರ್ಲೋ, ಇಟ್ಕೊಳ್ಲೋ? ನೀನ್ ಹೇಳು" ಎಂದರು.

"ಕಂಪನಿ ಬೆಳೀತಾ ಇದೆ ಮೇಸ್ತ್ರಿಗಳೇ. ಈಗ ಯಾಕೆ ಮಾರ್ತೀರ? ಎರಡು ವರ್ಷ ತಡೀರಿ, ಎರಡು ಮೂರು ಪಟ್ಟಾಗುತ್ತೆ."

"ಹೌದಾ." ಸ್ವಲ್ಪ ಹೊತ್ತು ಉಜ್ಜಿದರು. "ಅಲ್ಲ, ಈ ಶೆಡ್ಡಿನವರು ಜಾಗ ಮಾರ್ತಾರಂತೆ. ಮೂವತ್ತು ವರ್ಷ ಇದ್ದೀರ, ನೀವೇ ತಗೊಳ್ಳೋದಾದ್ರೆ ದೀಪಾವಳಿ ತನಕ ಕಾಯ್ತೀನಿ ಅಂದಿದಾರೆ. ಷೇರಿನ ದುಡ್ಡು ಬಂದ್ರೆ ಸರಿಹೋಗುತ್ತೇನೋ ಅಂತ..."

"ಶೆಡ್ಡು ಏನ್ ಬಿಡಿ. ಇದು ಹೋದ್ರೆ ಇನ್ನೊಂದು ಸಿಗುತ್ತೆ."

"ಅದೂ ಸರಿ." ಹೆಬ್ಬೆರಳನ್ನು ಹಲ್ಲುಗಳ ಮೇಲೆ ಆಡಿಸುತ್ತಾ ನನ್ನ ಕಡೆ ನೋಡದೆಯೇ ಕೇಳಿದರು: "ನೀನೇನ್ ಮಾಡ್ತೀಯ?"

"ನಾನಾ? ನಾನು ಇಟ್ಕೋತೀನಿ."

ಎಷ್ಟು ಸಲೀಸಾಗಿ ಬಂತು ಆ ಮಾತು! ತೊಡೆಯ ಮೇಲಿದ್ದ ಬ್ಯಾಗಿನ ಜಿಪ್ಪನ್ನು ಕೈ ತಾನಾಗಿಯೇ ಎಳೆದು ಭದ್ರ ಮಾಡಿತು. ಮೇಸ್ತ್ರಿಗಳು ತಲೆಯಾಡಿಸಿ, "ಹಂಗಾದ್ರೆ ನಂದೂ ಇರ್ಲಿ" ಎಂದರು. ಅಷ್ಟಕ್ಕೆ ಆ ವಿಷಯ ಮುಗಿದೇಹೋಯಿತು.

ಯಾಕೆ ಹಾಗೆ ಹೇಳಿದೆ? ಈ ಪ್ರಶ್ನೆಯನ್ನು ಬಸ್ಸಿನಲ್ಲಿ, ಆಫೀಸಿನಲ್ಲಿ, ಒಲೆಯ ಮುಂದೆ ಸಾವಿರ ಸಲ ಕೇಳಿಕೊಂಡಿದ್ದೇನೆ. ನಾನು ಮಾರುತ್ತೇನೆಂದರೆ ಅವರು ಕಂಗಾಲಾಗುತ್ತಾರೆ ಎಂದುಕೊಂಡೆ, ಎಂ.ಡಿ. ಹೇಳಿದ್ದ ಮಾತಿತ್ತು, ಅವರಿಗೆ ಲಾಭವಾಗಲಿ ಎಂದು ನಿಜವಾಗಿ ಬಯಸಿದೆ. ಎಲ್ಲವೂ ಹೌದು. ಆದರೆ ಅವರೂ ಮಾರಿದರೆ ನನ್ನದರಲ್ಲಿ ಕಡಿತವಾಗುತ್ತದೆ, ಸೈಟಿಗೆ ಸಾಲದೆ ಹೋಗುತ್ತದೆ ಎಂಬ ಯೋಚನೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿತ್ತೇ? ಇರಲಿಲ್ಲ ಎಂದು ಕೆಲವು ದಿನ ನನಗೆ ನಾನೇ ಆಣೆ ಮಾಡುತ್ತೇನೆ. ಇನ್ನು ಕೆಲವು ದಿನ ಆ ಆಣೆಗೆ ನನಗೇ ಬೆಲೆಯಿಲ್ಲ.

ನಾಲ್ಕನೆಯ ದಿನ ಸಹಿ ಹಾಕಿದೆ. ಆಗ ಇನ್ನೊಂದು ಫಜೀತಿ. ಕಂಪನಿಯ ನಿಯಮದ ಪ್ರಕಾರ ಯಾರಾದರೂ ಷೇರನ್ನು ಹೊರಗಿನವರಿಗೆ ಮಾರುವ ಮೊದಲು ಉಳಿದ ಪಾಲುದಾರರಿಗೆಲ್ಲ ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಿಳಿಸಬೇಕು, ಇಂಥವರು ಇಷ್ಟು ಮಾರುತ್ತಿದ್ದಾರೆ, ನಿಮಗೆ ಬೇಕಾದರೆ ನೀವೇ ಕೊಳ್ಳಬಹುದು ಎಂದು. ನನ್ನ ಹೆಸರನ್ನು ನಾನೇ ಟೈಪ್ ಮಾಡಿದೆ. ಮೇಸ್ತ್ರಿಗಳ ವಿಳಾಸವನ್ನೂ ನಾನೇ ಅಂಟಿಸಿದೆ. ಪೋಸ್ಟಾಫೀಸಿನ ಕೌಂಟರಿನಲ್ಲಿ ಆ ಕವರನ್ನು ಒಂದು ಕ್ಷಣ ಹಿಂದಕ್ಕೆಳೆದುಕೊಂಡೆ, ಆಮೇಲೆ ಕೊಟ್ಟೆ. ಇಂಗ್ಲಿಷಿನ ಕಾಗದ, ಅವರು ಒಡೆಯುವುದಿಲ್ಲ, ಪಟದ ಹಿಂದೆ ಹೋಗುತ್ತದೆ, ಮುಂದಿನ ಸಲ ಹೋದಾಗ ಕಂತೆ ನನ್ನ ಕೈಗೇ ಬರುತ್ತದೆ ಎಂದು ಧೈರ್ಯ. ಆ ಮುಂದಿನ ಸಲ ಹೋಗಲು ಮಾತ್ರ ನನಗೆ ಎರಡು ತಿಂಗಳು ಬೇಕಾಯಿತು.

ಅಷ್ಟರಲ್ಲಿ ದೀಪಾವಳಿ ಕಳೆದು ಶೆಡ್ಡಿನ ಜಾಗ ಬೇರೆಯವರ ಕೈಗೆ ಹೋಗಿತ್ತು. ಲೇತು ಮನೆಯ ಜಗಲಿಗೆ ಬಂದು ಕೂತಿತ್ತು. ಗೋಡೆಯ ಮೇಲಿದ್ದ ಕೆಂಪು ಪ್ಯಾಟರ್ನುಗಳಲ್ಲಿ ಹಿಡಿಸಿದಷ್ಟನ್ನು ಮಂಚದ ಕೆಳಗೆ ತುಂಬಿದ್ದರು. ಉಳಿದವು ಒಂದು ಹೋಟೆಲಿನ ನೀರೊಲೆಗೆ ಹೋದವಂತೆ. "ಚೆನ್ನಾಗಿ ಉರೀತವಂತೆ, ಒಣಗಿದ ಸಾಗವಾನಿ ಅಲ್ವಾ" ಎಂದು ಅವರೇ ಹೇಳಿದರು. ಇನ್ನೊಂದು ಶೆಡ್ಡು ಸಿಗಲಿಲ್ಲ. ಅಂದರೆ, ಸಿಗುತ್ತಿತ್ತೇನೋ, ಅವರು ಹುಡುಕಲಿಲ್ಲ. ಜಗಲಿಯಲ್ಲಿ ಲೇತು ಓಡಿಸಿದರೆ ಅಕ್ಕಪಕ್ಕದವರಿಗೆ ಶಬ್ದ. ಯಾರೂ ದೂರಲಿಲ್ಲ, ಇವರೇ ನಿಲ್ಲಿಸಿಬಿಟ್ಟರು.

ನಾನು ಹೊರಡುವಾಗ ಅವರು ಕಾಗದದ ಕಂತೆ ತಂದುಕೊಟ್ಟರು. ನನ್ನ ಕಾಗದ ಅದರಲ್ಲಿ ಇರಲಿಲ್ಲ. ಅಂಚೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು ಎಂದುಕೊಂಡು ನೆಮ್ಮದಿಯ ಉಸಿರು ಬಿಟ್ಟೆ. ನಾಚಿಕೆಗೆಟ್ಟವಳು ನಾನು.

ಮಾಘ ಮಾಸದಲ್ಲಿ, ಆ ಸೈಟು ಕೊಂಡು ಕಟ್ಟುತ್ತಿದ್ದ ನಮ್ಮ ಮನೆಗೆ ಬಾಗಿಲು ನಿಲ್ಲಿಸುವ ಮುಹೂರ್ತ. ಮುಂಬಾಗಿಲಿನ ಚೌಕಟ್ಟು ನಿಮ್ಮ ಕೈಯಿಂದಲೇ ಆಗಬೇಕು ಎಂದು ನಾನು ಹಟ ಹಿಡಿದಿದ್ದೆ. ನಾನು ಬಾಗಿಲು ಮಾಡೋನಲ್ಲ ಕಣಮ್ಮ ಎಂದರು, ಆಮೇಲೆ ಒಪ್ಪಿದರು. ಅವರಿಗೊಂದು ಕೆಲಸ ಸಿಕ್ಕಿದ ಹಾಗಾಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡೆ. ಒಳಗಿದ್ದದ್ದು ಬೇರೆ. ಅವರಿಗೆ ಏನಾದರೂ ಕೊಟ್ಟು ಕೈ ತೊಳೆದುಕೊಳ್ಳುವ ಆತುರ.

ಜಗಲಿಯಲ್ಲೇ ಕೂತು, ಲೇತು ಮುಟ್ಟದೆ, ಕೈಯಲ್ಲೇ ಕೆತ್ತಿ ತಂದರು. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಹಾಲು ಬಿಟ್ಟದ್ದಾಯಿತು, ಚೌಕಟ್ಟಿಗೆ ಮಾವಿನ ಸೊಪ್ಪು ಕಟ್ಟಿದ್ದಾಯಿತು. ಪಂಚೆ, ಶಲ್ಯ, ತಾಂಬೂಲ ಕೊಟ್ಟು ಕಾಲಿಗೆ ಬಿದ್ದೆವು. ಅದನ್ನು ಮಾತ್ರ ತೆಗೆದುಕೊಂಡರು, ಕೂಲಿ ಮುಟ್ಟಲಿಲ್ಲ. ಊಟಕ್ಕೆ ಏಳುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದರು.

"ಮನೆಗೆ ಸಾಲ ಜಾಸ್ತಿ ಮಾಡ್ಕೊಂಡ್ಯೇನಮ್ಮ?"

"ಸ್ವಲ್ಪ ಬ್ಯಾಂಕು, ಸ್ವಲ್ಪ ಅಮ್ಮನ ಒಡವೆ... ಹೆಂಗೋ ಆಯ್ತು ಮೇಸ್ತ್ರಿಗಳೇ."

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಏನನ್ನೋ ಕಾಯುತ್ತಿದ್ದವರ ಹಾಗೆ ಒಂದೆರಡು ಕ್ಷಣ ನಿಂತಿದ್ದು, "ಒಳ್ಳೇದು" ಎಂದು ಕೈ ತೊಳೆಯಲು ಹೋದರು.

ಆ ಎರಡು ಕ್ಷಣ ಈಗಲೂ ನನ್ನನ್ನು ಬಿಟ್ಟಿಲ್ಲ. ಬೀದಿಯಲ್ಲಿ ಯಾರಾದರೂ ಯಾರನ್ನಾದರೂ "ಏನ್ ಮಾರಾಯ್ತಿ" ಎಂದರೆ ನಾನು ತಿರುಗುತ್ತೇನೆ. ಭದ್ರಾವತಿ ಬಸ್ಸಿನಲ್ಲಿ ಅವರ ಹಾಗೆಯೇ ಕಿಟಕಿ ಪಕ್ಕ ಬಟ್ಟೆಚೀಲ ತೊಡೆಯ ಮೇಲಿಟ್ಟುಕೊಂಡು ಕೂತವರನ್ನು ಕಂಡರೆ ಬೇರೆ ಬಸ್ಸು ಹಿಡಿಯುತ್ತೇನೆ. ದಿನಾ ಅವರ ಹೊಸ್ತಿಲನ್ನು ದಾಟಿಯೇ ಒಳಗೆ ಬರಬೇಕು, ದಾಟಿಯೇ ಹೊರಗೆ ಹೋಗಬೇಕು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ, ಎಳೆದಾಗ ಉಜ್ಜುಗೊರಡಿನ ಸದ್ದು ಬರುತ್ತದೆ. ನಮ್ಮ ಯಜಮಾನರು ಯಾರನ್ನಾದರೂ ಕರೆದು ತುರಿಸೋಣ ಎಂದರೆ ಬೇಡವೇ ಬೇಡ ಎಂದು ಜಗಳವಾಡಿದ್ದೇನೆ.

ಗೃಹಪ್ರವೇಶಕ್ಕೆ ಅವರು ಬರಲಿಲ್ಲ, ಮೈಗೆ ಸರಿಯಿಲ್ಲ ಎಂದು ಹೇಳಿಕಳಿಸಿದ್ದರು. ಕಾರ್ತಿಕದ ಒಂದು ಬೆಳಿಗ್ಗೆ ತಿಂಡಿ ತಿಂದು ಜಗಲಿಗೆ ಬಂದು, ನಿಂತುಹೋದ ಲೇತಿನ ಪಕ್ಕ ಕೂತವರು ಹಾಗೆಯೇ ಒರಗಿಕೊಂಡರಂತೆ. ಹೆಂಡತಿ ನೀರು ತರುವಷ್ಟರಲ್ಲಿ ಇಲ್ಲ. ನಾನು ಹೋದಾಗ ಮಲಗಿಸಿದ್ದರು. ಶೆಡ್ಡಿನ ಎದುರಿನ ಚಹಾದ ಮುದುಕ ಮೂಲೆಯಲ್ಲಿ ಕೂತು ತಮಿಳಿನಲ್ಲಿ ಏನೋ ಹೇಳಿಕೊಂಡು ಅಳುತ್ತಿದ್ದ. ನಾನು ಅಳಲಿಲ್ಲ. ನನಗೆ ಆ ಹಕ್ಕಿಲ್ಲ ಎನ್ನಿಸಿತು.

ಆಮೇಲಿನದು ಇನ್ನೂ ವಿಚಿತ್ರ. ನಾನು ಹೇಳಿದ್ದು ನಿಜವಾಯಿತು! ಮರುವರ್ಷ ಇನ್ನೊಂದು ಕಡೆಯವರು ಬಂದು ಮೂರು ಪಟ್ಟಿಗಿಂತ ಹೆಚ್ಚು ಬೆಲೆ ಹೇಳಿದರು. ಅಷ್ಟರಲ್ಲಿ ಮೇಸ್ತ್ರಿಗಳ ಷೇರನ್ನು ಹೆಂಡತಿಯ ಹೆಸರಿಗೆ ನಾನೇ ಓಡಾಡಿ ಮಾಡಿಸಿದ್ದೆ. ಅವರು ಅರ್ಧ ಮಾರಿದರು. ಓಲ್ಡ್ ಟೌನಿನ ಮನೆಗೆ ಮೇಲೊಂದು ಕೋಣೆ ಹಾಕಿಸಿ ಬಾಡಿಗೆಗೆ ಕೊಟ್ಟರು. ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮೈಸೂರುಪಾಕಿನ ಪೊಟ್ಟಣ, ಮೊಳ ಹೂವು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ನಿಮ್ಮಿಂದಾನೇ ಅಮ್ಮ ನಾನು ಇವತ್ತು ಯಾರ ಮುಂದೂ ಕೈ ಚಾಚದೆ ಇರೋದು. ಅವತ್ತು ನೀವು ಇಟ್ಕೊಳ್ಳಿ ಅನ್ನದಿದ್ರೆ ಅವರು ಆಗಲೇ ಮಾರಿಬಿಡ್ತಿದ್ರು."

ಹೂವು ತೆಗೆದುಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಇನ್ನು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಬ್ಯಾಗಿನ ಫಾರಂ, ನಾನು ಆಡಿದ ಸುಳ್ಳು, ಅವರು ಮಾರಿದ್ದರೆ ನನ್ನದು ಕಡಿಮೆಯಾಗುತ್ತಿದ್ದದ್ದು, ಈ ಮನೆ ಯಾವ ದುಡ್ಡಿನದು ಎನ್ನುವುದು. ಅಳುತ್ತಾ ಹೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡರು.

"ಗೊತ್ತು ಬಿಡಮ್ಮ" ಎಂದರು.

"ಏನ್ ಗೊತ್ತು?"

"ರಿಜಿಸ್ಟರ್ ಕಾಗದ ಬಂತಲ್ಲ, ಸಹಿ ಹಾಕಿ ತಗೊಂಡೋಳು ನಾನು. ಏನೋ ದೊಡ್ಡದಿರಬೇಕು ಅಂತ ಒಡೆದೆ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದೀನಿ. ಕೂಡಿಸಿ ಕೂಡಿಸಿ ಓದಿದೆ, ನಿಮ್ಮ ಹೆಸರಿತ್ತು. ಅವರಿಗೆ ಹೇಳಿದೆ."

"ಏನಂದ್ರು?"

"ಅವತ್ತು ಊಟ ಮಾಡಲಿಲ್ಲ. ನಾನೇ ಅಂದೆ, ಇನ್ನೂ ಆರು ದಿನ ಇದೆ, ನೀವೂ ಮಾರಿ, ಶೆಡ್ಡು ತಗೊಳ್ಳಿ ಅಂತ. ಅದಕ್ಕೆ ಅವರು, 'ಈಗ ಮಾರಿದ್ರೆ ನನಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾಗುತ್ತೆ. ಆಮೇಲೆ ಆ ಹುಡುಗಿ ನನ್ನ ಮುಖ ಹೆಂಗೆ ನೋಡ್ತಾಳೆ? ಬರೋದೇ ಬಿಟ್ಟುಬಿಡ್ತಾಳೆ' ಅಂದ್ರು. ಕಾಗದ ಒಲೆಗೆ ಹಾಕಿದ್ರು. ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು, ಅವಳಿಗೆ ಹೇಳಬೇಡ ಅಂತ. ಇವತ್ತು ನೀವೇ ಬಾಯಿಬಿಟ್ರಿ, ಅದಕ್ಕೆ ಹೇಳಿದೆ."

ಶಿವನೇ! ಮೂವತ್ತು ವರ್ಷದ ಜಾಗವನ್ನು ಆ ಮನುಷ್ಯ ನನ್ನ ಮುಖ ಸಣ್ಣದಾಗಬಾರದೆಂದು ಬಿಟ್ಟುಕೊಟ್ಟರು. ಗೊತ್ತಿದ್ದೂ ಬಂದು ನನ್ನ ಮನೆಗೆ ಬಾಗಿಲು ನಿಲ್ಲಿಸಿದರು. ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರನ್ನು ನೆನೆದಾಗೆಲ್ಲ ಈಗ ಪ್ರೀತಿಗಿಂತ ಮೊದಲು ಸಿಟ್ಟು ಬರುತ್ತದೆ, ಒಂದು ಮಾತು ಆಡಬಾರದಿತ್ತೇ ಎಂದು. ಆಡಬೇಕಾಗಿದ್ದವಳು ನಾನು ಎಂದು ಆಮೇಲೆ ನೆನಪಾಗುತ್ತದೆ.

ಅವರ ಹೆಂಡತಿ ತಾವೇ ಎದ್ದು ಬಂದು ಹೂವನ್ನು ನನಗೆ ಮುಡಿಸಿದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಏನೂ ಆಗದವರ ಹಾಗೆ ಕೇಳಿದರು. "ಇನ್ನೂ ಅರ್ಧ ಇದೆಯಲ್ಲಮ್ಮ. ಮತ್ತೆ ಕೊಳ್ಳೋರು ಬಂದಿದಾರಂತೆ. ಮಾರಣೋ, ಇಟ್ಕೊಳ್ಳಣೋ? ನೀವು ಹೇಳಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಷ್ಟೆಲ್ಲ ಕೇಳಿದ ಮೇಲೂ ನನ್ನನ್ನೇ ಕೇಳುತ್ತಿದ್ದಾರೆ.

"ನಾನು ನಂದು ಉಳಿದದ್ದೆಲ್ಲ ಮಾರ್ತಾ ಇದೀನಿ ಅಮ್ಮ" ಎಂದೆ. "ಸೋಮವಾರ ಸಹಿ ಹಾಕಿದೆ. ಕಂಪನಿಗೆ ಏನೂ ಆಗಿಲ್ಲ, ಚೆನ್ನಾಗೇ ಇದೆ. ಇನ್ನೂ ಬೆಳೀಬಹುದು, ಆಗ ಪೆದ್ದಿ ನಾನೇ. ಆದ್ರೂ ನನಗೆ ಭಯ, ಮಾರ್ತಾ ಇದೀನಿ. ನೀವೂ ಮಾರಿದ್ರೆ ನಂದರಲ್ಲಿ ಸ್ವಲ್ಪ ಕಡಿಮೆ ಆಗುತ್ತೆ. ಆಗ್ಲಿ. ನೀವು ನಿಮಗೆ ಏನು ಬೇಕೋ ಅದನ್ನ ನೋಡ್ಕೊಂಡು ಮಾಡಿ."

"ಸರಿ" ಎಂದು ಅವರು ಚೀಲ ಎತ್ತಿಕೊಂಡರು. "ಯೋಚ್ನೆ ಮಾಡಿ ಬುಧವಾರ ಫೋನ್ ಮಾಡ್ತೀನಿ."

ಅಷ್ಟೇ. ಅವರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅಷ್ಟನ್ನು ಹೇಳಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೇಸ್ತ್ರಿಗಳು ನನ್ನಿಂದ ಕೇಳಿದ್ದು ಇದೊಂದೇ, ನಾನು ಕೊಡದೆ ಹೋದದ್ದೂ ಇದೊಂದೇ.